1988ರ ಆಗಮನ ಕಾಲ

1988ರಲ್ಲಿ ಕ್ರಿಸ್ಮಸ್ ಭಾನುವಾರ ಬಂದಿತ್ತು. ಹಾಗೆ ಬಂದ ವರ್ಷ ಹಬ್ಬಕ್ಕೆ ಮುಂಚಿನ ಆಗಮನ ಕಾಲವು ಪೂರ್ಣ ನಾಲ್ಕು ವಾರ, ಅಂದರೆ 28 ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ದಿನ ಕಾಯುವ ವರ್ಷವೇ ಇಲ್ಲ. ನಾನು ಆಗ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ. ವಿದ್ಯಾರ್ಥಿನಿ. ನವೆಂಬರ್ 27ರ ಬೆಳಗಿನ ಆರಾಧನೆಯಲ್ಲಿ ಮೊಣಕಾಲೂರಿ ದೇವರಲ್ಲಿ ಒಂದೇ ಒಂದು ಬೇಡಿಕೆ ಇಟ್ಟೆ, ಅದಕ್ಕೆ ಗಡುವನ್ನೂ ಹೇಳಿದೆ: ಡಿಸೆಂಬರ್ 25ರೊಳಗೆ ಅಪ್ಪನ ಕಾರ್ಖಾನೆಯ ಬೀಗ ತೆಗೆಯಬೇಕು.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಕೆಲಸದಲ್ಲಿದ್ದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದಾಗ, ಮತಾಂತರದಿಂದಾಗಿ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡಿದ್ದವರಿಗೆ ಅಲ್ಲಿ ಅನ್ನದ ದಾರಿಯಾಯಿತು. ನಮ್ಮ ಅಜ್ಜನ ಅಪ್ಪ ಅಂಥವರಲ್ಲೊಬ್ಬರು. ಅಪ್ಪ ದುಡಿಯುತ್ತಿದ್ದುದು ಅಲ್ಲಲ್ಲ, ಅದನ್ನು ನೋಡಿ ನದಿಯ ದಂಡೆಯುದ್ದಕ್ಕೂ ಎದ್ದ ಕಾರ್ಖಾನೆಗಳಲ್ಲೊಂದರಲ್ಲಿ. ಆದರೂ ನಮ್ಮಂಥ ಮನೆಗಳಲ್ಲಿ ವಿಶ್ವಾಸವೂ ಕೂಲಿಯೂ ಒಂದೇ ಕಾಲಕ್ಕೆ ಬಂದಿದ್ದುದರಿಂದ, ಚಿಮಣಿಯ ಹೊಗೆ ನಿಂತರೆ ದೇವರೇ ಕೈಬಿಟ್ಟನೇನೋ ಎಂಬ ದಿಗಿಲು ಹುಟ್ಟುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಗೇಟಿನ ಮೇಲೆ ನೋಟೀಸು ಬಿತ್ತು. ಮೂರು ತಿಂಗಳ ಸಂಬಳ ಬಾಕಿಯಿತ್ತು.

ನಮ್ಮದು ಮನೆಯಲ್ಲಿ ತುಳು, ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಕನ್ನಡ. ಕೀರ್ತನೆ, ಪ್ರಾರ್ಥನೆ, ವೇದವಾಕ್ಯ ಎಲ್ಲವೂ ಕನ್ನಡದಲ್ಲಿಯೇ ಕಲಿತವು. ಹಾಗಾಗಿ ನನ್ನ ಪಾಲಿಗೆ ಕನ್ನಡ ದೇವರನ್ನು ಕೊಂಡಾಡುವ ಭಾಷೆ. ಸಿಟ್ಟು, ಅಳು, ಗೊಣಗಾಟಗಳೆಲ್ಲ ತುಳುವಿನಲ್ಲಿ, ಅಡುಗೆಮನೆಯಲ್ಲಿ. ಆ ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಹಾಡುಗಳನ್ನು ಹಾಡುವ ಕಾಲೇಜಿನ ಕ್ಯಾರಲ್ ತಂಡದ ಅಭ್ಯಾಸಕ್ಕೆ ಹೋದರೆ ಗಂಟಲಿನಿಂದ ಸ್ವರ ಹೊರಡಲಿಲ್ಲ. 'ಆನಂದ' ಎಂಬ ಪದ ಬಂದಲ್ಲೆಲ್ಲ ತುಟಿ ಮುಚ್ಚಿಕೊಳ್ಳುತ್ತಿದ್ದೆ. ಮೂರನೆಯ ದಿನ ಹೋಗುವುದನ್ನೇ ಬಿಟ್ಟೆ.

ತಂಡದಲ್ಲಿ ಹಾಡುತ್ತಿದ್ದವರೆಲ್ಲ ಕ್ರೈಸ್ತರೇನಲ್ಲ. ಅಭ್ಯಾಸ ಮಾಡಿಸುತ್ತಿದ್ದ ಕನ್ನಡದ ಉಪನ್ಯಾಸಕರು ನಿತ್ಯ ಸಂಧ್ಯಾವಂದನೆ ಮಾಡುವವರು. ಅವರು ನನ್ನನ್ನು ಕರೆಸಿ ಕಾರಣ ಕೇಳಿದರು.

"ದೇವರ ಮೇಲೆ ಸಿಟ್ಟು ಬಂದಿದೆ ಸರ್. ಹೀಗಿದ್ದು ಹಾಡಿದರೆ ಸುಳ್ಳಾಗುತ್ತದೆ," ಎಂದೆ.

ಅವರು ಸಮಾಧಾನ ಹೇಳಲಿಲ್ಲ. ಹಿಂದಿನ ವಾರ ತರಗತಿಯಲ್ಲಿ ಪಾಠ ಮಾಡಿದ್ದ ನಿಂದಾಸ್ತುತಿಯನ್ನು ನೆನಪಿಸಿದರು. ಹರಿದಾಸರು ತಾವು ಪೂಜಿಸುವ ಸ್ವಾಮಿಯನ್ನೇ ನಿಲ್ಲಿಸಿ ಬೈಯುತ್ತಾರೆ, ಲೆಕ್ಕ ಕೇಳುತ್ತಾರೆ, ಮತ್ತು ಅದನ್ನು ರಾಗ ಹಾಕಿ ಹಾಡುತ್ತಾರೆ. "ನಿಮ್ಮ ಗ್ರಂಥದಲ್ಲಿ ಅಂಥದ್ದು ಇಲ್ಲವೇನಮ್ಮ? ಇರಲೇಬೇಕು. ಹುಡುಕಿ ನೋಡು," ಎಂದರು.

ಭಾನುವಾರ ಶಾಲೆಯಲ್ಲಿ ಹನ್ನೆರಡು ವರ್ಷ ಕುಳಿತಿದ್ದ ನನಗೆ ಉತ್ತರ ತಿಳಿಯಲಿಲ್ಲ. ಅಂದು ರಾತ್ರಿ ಅಜ್ಜಿಯ ದಪ್ಪಕ್ಷರದ ಬೈಬಲ್ ತೆರೆದು ಕೀರ್ತನೆಗಳನ್ನು ಮೊದಲಿನಿಂದ ಓದುತ್ತ ಹೋದೆ. ಹದಿಮೂರನೆಯ ಕೀರ್ತನೆ 'ಎಷ್ಟರವರೆಗೆ' ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಮೊದಲೆರಡು ವಚನಗಳಲ್ಲೇ ಆ ಪ್ರಶ್ನೆ ನಾಲ್ಕು ಸಲ ಎದ್ದು ನಿಲ್ಲುತ್ತದೆ. ನಾನು ತುಳುವಿನಲ್ಲಿ ಗೊಣಗುತ್ತಿದ್ದುದೇ ಅಲ್ಲಿ ಕನ್ನಡದಲ್ಲಿ ಅಚ್ಚಾಗಿತ್ತು. ಅದನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಕೋಣೆಯಲ್ಲಿ ಅಪ್ಪ ಎಚ್ಚರವಾಗಿಯೇ ಇದ್ದರೆಂದು ಕೆಮ್ಮಿನಿಂದ ತಿಳಿಯಿತು.

ಡಿಸೆಂಬರ್ 11ರಂದು, ಆಗಮನ ಕಾಲದ ಮೂರನೆಯ ಭಾನುವಾರ, ಸಭಾಪಾಲಕರು ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಿಂದ ಪ್ರಸಂಗ ಮಾಡಿದರು. ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಸ್ನಾನಿಕ ಯೋಹಾನನೇ ಅರಸ ಹೆರೋದನ ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವನು ನೀನೇಯೋ ಅಥವಾ ನಾವು ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಸುತ್ತಾನೆ. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಕುಷ್ಠರೋಗಿಗಳು ಶುದ್ಧರಾಗುತ್ತಿದ್ದಾರೆ, ಕಿವುಡರು ಕೇಳುತ್ತಿದ್ದಾರೆ, ಸತ್ತವರು ಏಳುತ್ತಿದ್ದಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತಿದೆ ಎಂದು ಹೋಗಿ ತಿಳಿಸಿರಿ ಎನ್ನುತ್ತಾನೆ ಯೇಸು. ಇದೇ ಯೇಸು ನಜರೇತಿನ ಸಭಾಮಂದಿರದಲ್ಲಿ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಬಿಚ್ಚಿ ಓದಿದಾಗ, ಅದರಲ್ಲಿ ಸೆರೆಯವರಿಗೆ ಬಿಡುಗಡೆ ಎಂಬ ಮಾತೂ ಇತ್ತು. ಸೆರೆಯಲ್ಲೇ ಕುಳಿತು ಕೇಳಿದ ಯೋಹಾನನಿಗೆ ಕೊಟ್ಟ ಉತ್ತರದಲ್ಲಿ ಆ ಮಾತೊಂದೇ ಇಲ್ಲ. ಯೋಹಾನ ಬಿಡುಗಡೆಯಾಗಲೂ ಇಲ್ಲ; ಅವನ ತಲೆ ತಟ್ಟೆಯಲ್ಲಿ ಬಂತು.

ಪ್ರಸಂಗದಲ್ಲಿ ಈ ಕೊನೆಯ ಸಂಗತಿ ಬರಲಿಲ್ಲ. ಮನೆಗೆ ಬಂದು ಪುಟ ತಿರುವುತ್ತಿದ್ದಾಗ ನನಗೇ ಕಂಡದ್ದು, ಕಂಡಾಗ ಬೆವರಿದ್ದು. ಆದರೆ ಯೇಸು ಅವನ ಪ್ರಶ್ನೆಗಾಗಿ ಅವನನ್ನು ಗದರಲಿಲ್ಲ. ಶಿಷ್ಯರು ತಿರುಗಿ ಹೋದ ಮೇಲೆ, ಹೆಂಗಸರಲ್ಲಿ ಹುಟ್ಟಿದವರೊಳಗೆ ಯೋಹಾನನಿಗಿಂತ ದೊಡ್ಡವನಿಲ್ಲ ಎಂದು ಜನರ ಮುಂದೆ ಹೇಳಿದ. ಸಂದೇಹಪಟ್ಟ ದಿನವೇ ಬಂದ ಆ ಮಾತನ್ನು ನಾನು ಇಷ್ಟು ವರ್ಷಗಳಿಂದ ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ಬೀಗ ತೆಗೆಯಲಿಲ್ಲ. ಗಡುವು ಮುಗಿಯಿತು, ಆ ವರ್ಷವೂ ಮುಗಿಯಿತು. ಅಪ್ಪ ಮರದ ಮಿಲ್ಲಿನಲ್ಲಿ ದಿನಗೂಲಿಗೆ ಸೇರಿದರು. ಬಾಕಿ ಸಂಬಳದಲ್ಲಿ ಒಂದು ಪಾಲು ಬಂದದ್ದು ನನ್ನ ಮದುವೆಯ ನಂತರ. ನಾನು ಕ್ಯಾರಲ್ ತಂಡಕ್ಕೆ ಹಿಂತಿರುಗಿದೆ, ಹಾಡಿದೆ. ಉಪನ್ಯಾಸಕರು ಏನನ್ನೂ ಕೇಳದೆ ಹಾಳೆ ಕೈಗಿತ್ತರು. ಈಗ ಭಾನುವಾರ ಶಾಲೆಯಲ್ಲಿ ಪಾಠ ಹೇಳುವ ನಾನು, ಡಿಸೆಂಬರ್ ಬಂದಾಗ ಯೇಸುವಿನ ಜನನದ ಕಥೆಯ ಕುರುಬರಿಗಿಂತ ಮೊದಲು ಯೋಹಾನನ ಪ್ರಶ್ನೆಯನ್ನು ಮಕ್ಕಳಿಂದ ಓದಿಸುತ್ತೇನೆ.

ಪ್ರತಿ ವರ್ಷ ಯೇಸುವಿನ ಜನನದ ದೃಶ್ಯವನ್ನು ಗೊಂಬೆಗಳಿಂದ ಜೋಡಿಸುವ ಗೋದಲಿಗೆ ಅಪ್ಪ ಕಾರ್ಖಾನೆಯ ಆವೆಮಣ್ಣಿನಲ್ಲಿ ಒಂದೊಂದು ಹೊಸ ಗೊಂಬೆ ಮಾಡಿ, ಹಂಚುಗಳ ನಡುವೆ ಇಟ್ಟು ಸುಟ್ಟು ತರುತ್ತಿದ್ದರು. 1988ರಲ್ಲಿ ಮನೆಯಲ್ಲಿ ಉಳಿದಿದ್ದ ಮಣ್ಣಿನಿಂದ ಒಬ್ಬ ಕುರುಬನನ್ನು ಮಾಡಿದರು, ಸುಡಲು ಗೂಡಿರಲಿಲ್ಲ. ಉಳಿದವೆಲ್ಲ ಕೆಂಪಗಿವೆ, ಅವನೊಬ್ಬ ಬೂದು ಬಣ್ಣದವನು. ಮಳೆಗಾಲದಲ್ಲಿ ತೇವಕ್ಕೆ ಕರಗದಂತೆ ಅವನನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಕ್ಕಿಯ ಡಬ್ಬದಲ್ಲಿ ಇಡುತ್ತೇನೆ, ನವೆಂಬರ್ ಕೊನೆಯಲ್ಲಿ ಹೊರತೆಗೆಯುತ್ತೇನೆ. ಬಲಗೈ ಉದುರಿದೆ. ಅಪ್ಪ ಇರುವವರೆಗೂ ಅವನನ್ನು ತೊಟ್ಟಿಲಿಗೆ ಎಲ್ಲರಿಗಿಂತ ಹತ್ತಿರ ನಿಲ್ಲಿಸುತ್ತಿದ್ದರು. ನಾನೂ ಅಲ್ಲಿಯೇ ನಿಲ್ಲಿಸುತ್ತೇನೆ.