ನಮ್ಮ ಹುಡುಗನನ್ನು ಹಡಗಿಗೆ ಕಳಿಸಬಹುದಾ?

ನಾನು ಸರಕು ಹಡಗಿನಲ್ಲಿ ಇಂಜಿನಿಯರ್. ರಜೆಗೆ ಸಕಲೇಶಪುರಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಗೊಬ್ಬರದ ಅಂಗಡಿ ಮುಂದೆ, ಹಾಸನದ ಬಸ್ಸಿನಲ್ಲಿ. "ಏನಪ್ಪ, ನಮ್ಮ ಹುಡುಗ ಈ ವರ್ಷ ಮೆಕ್ಯಾನಿಕಲ್ ಮುಗಿಸ್ತಾನೆ. ನಿನ್ನ ಹಾಗೆ ಹಡಗಿಗೆ ಕಳಿಸ್ಬೋದಾ?" ಇತ್ತೀಚೆಗೆ ಅದಕ್ಕೆ ಇನ್ನೊಂದು ಮಾತೂ ಸೇರಿಕೊಂಡಿದೆ: "ಹೊಗೆ ಬಿಡೋ ಹಡಗೆಲ್ಲ ಮುಂದೆ ನಿಲ್ಲಿಸ್ತಾರಂತಲ್ಲ, ಆ ಕೆಲಸ ಉಳಿಯುತ್ತಾ?"

ನಿಂತ ನಿಲುವಿನಲ್ಲಿ ಉತ್ತರ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕೆಲಸ ಎಲ್ಲಿಗೂ ಹೋಗುವುದಿಲ್ಲ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ. 80 ಭಾಗ ಸಾಗುವುದು ಸಮುದ್ರದ ಮೇಲೆಯೇ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ನಮ್ಮ ಕಾಫಿ ಇಟಲಿ ಸೇರುವುದೂ ಹಡಗಿನಲ್ಲೇ. ಆದರೆ ಆ ಹಡಗನ್ನು ನಡೆಸುವ ರೀತಿ ಬದಲಾಗುತ್ತಿದೆ, ಬದಲಾಗಲೇಬೇಕು. ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಹತ್ತಿರ ಹತ್ತಿರ ಶೇ. 3ರಷ್ಟು ಹಡಗುಗಳ ಪಾಲು. ನಾನು ಕೆಲಸ ಮಾಡಿದ ಬಲ್ಕ್ ಹಡಗೊಂದು (ಅದಿರು, ಧಾನ್ಯದಂಥ ಬಿಡಿ ಸರಕು ಹೊರುವಂಥದ್ದು) ದಿನಕ್ಕೆ 28 ಟನ್ನಿನಷ್ಟು ಎಣ್ಣೆ ಕುಡಿಯುತ್ತಿತ್ತು. ಒಂದು ಟನ್ ಫರ್ನೇಸ್ ಎಣ್ಣೆ ಉರಿದರೆ 3.1 ಟನ್‌ಗೂ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ ಒಂದೇ ದಿನಕ್ಕೆ, ಒಂದೇ ಚಿಮಣಿಯಿಂದ, 87 ಟನ್. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷ ಅಪ್ಪ ಫೋನಿನಲ್ಲಿ ಆಕಾಶದ ಸುದ್ದಿ ಹೇಳುವಾಗ ಈ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿರುತ್ತದೆ.

ನಿಯಮಗಳು ಒಂದೊಂದಾಗಿ ಬಿಗಿಯಾಗಿವೆ. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. 2023ರಿಂದ ದೊಡ್ಡ ಹಡಗುಗಳಿಗೆ ಶಾಲೆ ಮಕ್ಕಳ ಹಾಗೆ ಎ-ಯಿಂದ ಇ-ವರೆಗೆ ದರ್ಜೆ: ಹೊರುವ ಸಾಮರ್ಥ್ಯಕ್ಕೆ, ಸಾಗಿದ ದೂರಕ್ಕೆ ಎಷ್ಟು ಇಂಗಾಲ ಬಿಟ್ಟಿರಿ ಅಂತ. ಒಂದು ವರ್ಷ ಇ ಬಂದರೂ, ಸತತ ಮೂರು ವರ್ಷ ಡಿ ಬಂದರೂ, ಹೇಗೆ ತಿದ್ದಿಕೊಳ್ಳುತ್ತೀರಿ ಎಂದು ಬರೆದು ಕೊಡಬೇಕು. 2050ರ ಸುಮಾರಿಗೆ ನಿವ್ವಳ ಶೂನ್ಯ ಅನ್ನುವುದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಗುರಿ.

ಇದಕ್ಕೆಲ್ಲ ಹೊಸ ಯಂತ್ರವೇ ಬೇಕು ಅಂತ ಜನ ತಿಳಿಯುತ್ತಾರೆ. ವೇಗ ಇಳಿಸಿದರೇ ಎಷ್ಟೋ ಸಾಧಿಸಬಹುದು. ವೇಗವನ್ನು ಶೇ. 10 ತಗ್ಗಿಸಿದರೆ ಇಂಜಿನ್ ಮೇಲಿನ ಹೊರೆ ಸುಮಾರು ಶೇ. 27 ತಗ್ಗುತ್ತದೆ, ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿದರೂ ಒಟ್ಟಾರೆ ಎಣ್ಣೆಯಲ್ಲಿ ಶೇ. 19 ಉಳಿಯುತ್ತದೆ. ಶಿರಾಡಿಯಲ್ಲಿ ಕೆಲವು ಬಸ್ಸುಗಳು ಪ್ರಾಣ ಹೋಗುವ ಹಾಗೆ ಓಡಿ ದೋಣಿಗಾಲ್ ಹತ್ತಿರ ಲಾರಿ ಸಾಲಿನ ಹಿಂದೆ ನಿಲ್ಲುತ್ತವಲ್ಲ, ಹಡಗುಗಳೂ ಹಾಗೇ ಮಾಡುತ್ತವೆ. ಸರಸರನೆ ಹೋಗಿ ಬಂದರಿನ ಹೊರಗೆ ವಾರಗಟ್ಟಲೆ ಲಂಗರು ಹಾಕಿ ಕಾಯುವುದು. ಬಂದರು, ಬಾಡಿಗೆಗೆ ಪಡೆದವರು, ಹಡಗಿನ ಮಾಲೀಕರು ಕೂತು ಮಾತಾಡಿದರೆ ಆ ಎಣ್ಣೆ ಉರಿಯುವ ಅಗತ್ಯವೇ ಇಲ್ಲ. ಬೇಗ ಬಂದವರಿಗೆ ಮೊದಲ ಜಾಗ ಅನ್ನುವ ಹಳೇ ಪದ್ಧತಿ ಇನ್ನೂ ಎಷ್ಟೋ ಕಡೆ ಉಳಿದಿದೆ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಅದೇ.

ಇನ್ನು ಹುಡುಗನ ವಿಷಯ.

ಯಾರೇ ಕೇಳಲಿ, ನಾನು ತಿರುಗಿ ಕೇಳುವುದು ಒಂದೇ: ಯಾರೂ ನೋಡದಿದ್ದಾಗಲೂ ಅವನು ಕೆಲಸವನ್ನು ಪೂರ್ತಿ ಮಾಡುತ್ತಾನಾ?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಜೂನಿಯರ್ ಇಂಜಿನಿಯರ್ ಆಗಿದ್ದೆ. ರಾತ್ರಿ ಎರಡು ಗಂಟೆಗೆ ಬಂಕರ್ ದೋಣಿಯಿಂದ ನಮ್ಮ ಹಡಗಿಗೆ ಎಣ್ಣೆ ತುಂಬುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ ಟ್ಯಾಂಕಿಗೆ ಸೌಂಡಿಂಗ್ ಟೇಪ್ ಇಳಿಸಿ ಎಷ್ಟು ತುಂಬಿದೆ ಅಂತ ಅಳೆದು ಬರೆಯುವುದು ನನ್ನ ಕೆಲಸ. ಹಿಂದಿನ ದಿನದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಒಂದು ಸಲ ಟೇಪ್ ಇಳಿಸದೆ, ಇಷ್ಟು ಹೊತ್ತಿಗೆ ಇಷ್ಟಾಗಿರಬೇಕು ಎಂದು ಅಂದಾಜಿನಲ್ಲಿ ಬರೆದೆ. ಟ್ಯಾಂಕಿನ ಗಾಳಿಕೊಳವೆಯಿಂದ ಕಪ್ಪು ಎಣ್ಣೆ ಉಕ್ಕಿ ಡೆಕ್ ಮೇಲೆ ಹರಿಯಿತು. ಸಮುದ್ರಕ್ಕೆ ಒಂದು ಹನಿಯೂ ಹೋಗಲಿಲ್ಲ, ಯಾಕೆಂದರೆ ಸಂಜೆಯೇ ಒಬ್ಬ ಖಲಾಸಿ ಡೆಕ್ಕಿನ ನೀರು ಹೊರಹೋಗುವ ಕಿಂಡಿಗಳಿಗೆಲ್ಲ ಬಿರಡೆ ಬಡಿದು, ಎರಡೆರಡು ಸಲ ಮುಟ್ಟಿ ನೋಡಿದ್ದ. ಬೆಳಗಾಗುವವರೆಗೆ ಮರದ ಹೊಟ್ಟು ಸುರಿದು ಎಣ್ಣೆ ಬಳಿದೆವು. ಸೆಕೆಂಡ್ ಇಂಜಿನಿಯರ್ ಬೈಯಲಿಲ್ಲ. ಮುಂದಿನ ಒಂದು ವಾರ ದಿನವೂ ಹಡಗಿನ ಅಷ್ಟೂ ಟ್ಯಾಂಕುಗಳಿಗೆ ನನ್ನ ಕೈಯಲ್ಲೇ ಟೇಪ್ ಇಳಿಸಿಸಿದರು.

ಆ ವಾರವೆಲ್ಲ ನೆನಪಾಗುತ್ತಿದ್ದದ್ದು ಅಪ್ಪ ತೋಟದಲ್ಲಿ ಬೋರರ್ ನೋಡುವ ರೀತಿ. ಅರೇಬಿಕಾ ಗಿಡದ ಕಾಂಡ ಕೊರೆಯುವ ಆ ಹುಳು ಹೊರಗೆ ಕಾಣುವುದಿಲ್ಲ. ಒಂದೊಂದು ಗಿಡದ ಮುಂದೆಯೂ ಬಗ್ಗಿ, ತೊಗಟೆ ಮೇಲೆ ಏಣು ಎದ್ದಿದೆಯಾ ಅಂತ ಬೆರಳಾಡಿಸಬೇಕು. ಒಂದು ಸಾಲು ಬಿಟ್ಟರೆ ಕೇಳುವವರಿಲ್ಲ, ಎರಡು ವರ್ಷದ ಮೇಲೆ ತೋಟವೇ ಹೇಳುತ್ತದೆ. ಅಪ್ಪ ಸಾಲು ಬಿಟ್ಟದ್ದನ್ನು ನಾನು ಕಂಡಿಲ್ಲ.

ಹಡಗಿನ ಪರಿಸರ ಕಾಯುವುದೂ ಬಹುಪಾಲು ಇದೇ. ಇಂಜಿನ್ ರೂಮಿನ ತಳದಲ್ಲಿ ಸೇರುವ ಎಣ್ಣೆನೀರನ್ನು ಸೋಸಿ, ಹತ್ತು ಲಕ್ಷ ಭಾಗದಲ್ಲಿ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇಲ್ಲದಂತೆ ಮಾಡಿಯೇ ಹೊರಬಿಡಬೇಕು, ಪ್ರತಿ ಸಲವೂ ಆಯಿಲ್ ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕು. ಸೋಸುವ ಯಂತ್ರವನ್ನು ತಪ್ಪಿಸಿ ಕದ್ದು ಹರಿಸುವ ಕೊಳವೆಗೆ ನಮ್ಮಲ್ಲಿ ಮ್ಯಾಜಿಕ್ ಪೈಪ್ ಅನ್ನುತ್ತಾರೆ. ಹಾಗೆ ಮಾಡಿ, ಸುಳ್ಳು ಬರೆದು, ಅಮೆರಿಕದಲ್ಲಿ ಜೈಲು ಸೇರಿದ ಇಂಜಿನಿಯರುಗಳಿದ್ದಾರೆ.

ಮುಂದಿನ ಇಂಧನಗಳಂತೂ ಅಂದಾಜಿನ ಕೆಲಸವನ್ನು ಸಹಿಸುವುದೇ ಇಲ್ಲ. ಮೆಥನಾಲ್ ಉರಿದರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದು ಕಷ್ಟ. ದ್ರವ ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗಿಟ್ಟಿರುತ್ತಾರೆ. ಅಮೋನಿಯಾದಲ್ಲಿ ಇಂಗಾಲವೇ ಇಲ್ಲ, ಆದರೆ ಸೋರಿದರೆ ಉಸಿರಿಗೇ ವಿಷ. ಇಂಥ ಇಂಧನದ ಹಡಗಿಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪ್ರಮಾಣಪತ್ರ ಬೇಕು. ಈಗ ಸೇರುವ ಹುಡುಗ ಚೀಫ್ ಇಂಜಿನಿಯರ್ ಆಗುವ ಹೊತ್ತಿಗೆ ಇವುಗಳ ನಡುವೆಯೇ ಬದುಕುತ್ತಾನೆ. ನನಗಿಂತ ಹೆಚ್ಚು ಓದಿಕೊಂಡಿರಬೇಕು.

ಅವನು ನಿದ್ದೆಯನ್ನೂ ಮಾಡಬೇಕು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಅಂತ ಅಂತರರಾಷ್ಟ್ರೀಯ ನಿಯಮವಿದೆ. ಕಾಗದದ ಮೇಲೆ ಅದು ಎಲ್ಲ ಹಡಗಿನಲ್ಲೂ ಸರಿಯಾಗಿರುತ್ತದೆ. ನಿಜವಾಗಿಯೂ ಸರಿ ಇರಬೇಕಾದರೆ ನನ್ನಂಥ ಹಿರಿಯರು "ನೀನು ಹೋಗಿ ಮಲಗು, ಮಿಕ್ಕದ್ದು ನಾನು ನೋಡ್ತೀನಿ" ಅನ್ನಬೇಕು. ನನ್ನ ಹಡಗಿನಲ್ಲಿ ಹಾಗೆ ಹೇಳುತ್ತೇನೆ. ಆ ರಾತ್ರಿ ನನಗೆ ಯಾರೂ ಹೇಳಿರಲಿಲ್ಲ.

ದಾರಿ ಕೇಳುವವರಿಗೆ ಹೇಳುವುದು ಇಷ್ಟು. ಪಿಯುಸಿ ವಿಜ್ಞಾನ ಆದವರು ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಯಬಹುದು. ಮೆಕ್ಯಾನಿಕಲ್ ಮುಗಿಸಿದವರಿಗೆ ಪದವೀಧರರ ಮರೈನ್ ಇಂಜಿನಿಯರಿಂಗ್ ಕೋರ್ಸಿದೆ, ನಾನು ಬಂದ ದಾರಿ ಅದೇ. ಡಿ.ಜಿ. ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯದ, ಮಾನ್ಯತೆ ಇಲ್ಲದ ಸಂಸ್ಥೆಯ ಮೆಟ್ಟಿಲು ಹತ್ತಬೇಡಿ. ಹಡಗಿಗೆ ಸೇರಿಸುವ ಏಜೆನ್ಸಿಗೆ ಸರ್ಕಾರದ ಪರವಾನಗಿ ಇರಬೇಕು, ಕೆಲಸ ಕೊಡಿಸುವುದಕ್ಕೆ ಅವರು ಹುಡುಗನಿಂದ ದುಡ್ಡು ಪಡೆಯುವ ಹಾಗಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ದಲ್ಲಾಳಿಯ ಮಾತು ನಂಬಿದ. ಮನೆಯವರು ತೋಟ ಅಡ ಇಟ್ಟು ದುಡ್ಡು ಹೊಂದಿಸಿದರು. ಹತ್ತು ತಿಂಗಳು ಮುಂಬೈಯ ಒಂದು ಕೋಣೆಯಲ್ಲಿ ಕಾದು ಬರಿಗೈಯಲ್ಲಿ ವಾಪಸ್ ಬಂದ. ಅವರಮ್ಮ ನನ್ನನ್ನು ಕಂಡಾಗ ಇವತ್ತಿಗೂ ಆ ಮಾತೆತ್ತುವುದಿಲ್ಲ, ನನಗೇ ತಲೆ ತಗ್ಗುತ್ತದೆ. ಸೇರುವ ಮುಂಚೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಹೋದ ವಾರ ಬಾಳ್ಳುಪೇಟೆಯಿಂದ ಒಬ್ಬ ಹುಡುಗ ಅಪ್ಪನ ಜೊತೆ ಮನೆಗೆ ಬಂದಿದ್ದ. ಸಂಬಳ ಎಷ್ಟು ಅಂತ ಅಪ್ಪ ಕೇಳಿದರು. ಹುಡುಗ ಮಾತ್ರ, "ಅಣ್ಣ, ಅಮೋನಿಯಾ ಸೋರಿದ್ರೆ ಮೊದಲು ಯಾವ ವಾಲ್ವ್ ಮುಚ್ತಾರೆ?" ಅಂದ. ಹಾಸನಕ್ಕೆ ಹೋಗಿ ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೋ, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮರೆಯದೆ ಕೇಳು, ರಿಪೋರ್ಟ್ ಹಿಡಿದು ಬಾ ಅಂದಿದ್ದೇನೆ. ಕಾಫಿ ಕುಯ್ಲು ಮುಗಿಯುವ ತನಕ ಊರಲ್ಲೇ ಇರುತ್ತೇನೆ.