ಝೂಝೂ ಹೊಟ್ಟೆಗೆ ಎಷ್ಟು ಸ್ಪಂಜು

8 ನವೆಂಬರ್ 2025, ಶನಿವಾರ

"ಚಿಕ್ಕಪ್ಪ, ಝೂಝೂ ಮಾಡಕ್ಕೆ ಯಾವ ಆ್ಯಪ್ ಚೆನ್ನಾಗಿದೆ?"

ಪುಟ್ಟಿಯ ಪ್ರಶ್ನೆ. ಡಿಸೆಂಬರಲ್ಲಿ ಸ್ಕೂಲ್ ಡೇ. ಇವಳ ಕ್ಲಾಸಿನ ಪಾಲಿಗೆ ಬಂದಿರೋದು ನೀರು ಉಳಿಸಿ ಅನ್ನೋ ಮೂವತ್ತು ಸೆಕೆಂಡಿನ ವಿಡಿಯೊ. ಯಾರೋ ಮೊಟ್ಟೆ ತಲೆಯ ಬಿಳಿ ಝೂಝೂಗಳು ಬರೋ ಹಳೇ ವೊಡಾಫೋನ್ ಜಾಹೀರಾತು ಕಳಿಸಿದ್ದಾರೆ, ಎಲ್ಲರಿಗೂ ಹುಚ್ಚು ಹಿಡಿದಿದೆ.

"ಆ್ಯಪ್ ಅಲ್ಲ ಕಣೆ, ಬಟ್ಟೆ."

"ಅದು ಕಾರ್ಟೂನ್ ಅಲ್ವಾ?"

"ಒಳಗಡೆ ಮನುಷ್ಯರಿದಾರೆ."

"ಸುಮ್ನಿರು ಚಿಕ್ಕಪ್ಪ."

ಮುಖ ನೋಡಬೇಡ, ಕಾಲು ನೋಡು ಅಂದೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಮೈಭಾರ ದಾಟೋದು ಕಾಣುತ್ತೆ. ತಿರುಗುವಾಗ ಮೊದಲು ಭುಜ, ಆಮೇಲೆ ಸೊಂಟ. ಅಗ್ಗದ ಅನಿಮೇಷನ್ನಿನಲ್ಲಿ ಪಾದ ನೆಲದ ಮೇಲೆ ಜಾರಿದ ಹಾಗಿರುತ್ತೆ, ಇಲ್ಲಿ ಊರಿದ ಪಾದ ಊರಿದಲ್ಲೇ ಇರುತ್ತೆ. ಆಮೇಲೆ ಅವಳು ಸುಮಾರು ಹೊತ್ತು ಮಾತಾಡಲಿಲ್ಲ, ವಿಡಿಯೊ ಹಿಂದೆ ಮುಂದೆ ಓಡಿಸಿ ನೋಡುತ್ತಾ ಕೂತಳು.

2009ರ ಐಪಿಎಲ್ ಲೋಕಸಭಾ ಚುನಾವಣೆಯ ಕಾರಣಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತಲ್ಲ, ಝೂಝೂ ಹುಟ್ಟಿದ್ದು ಆ ಸೀಸನ್ನಿಗೆ. ಶೂಟಿಂಗ್ ಆಗಿದ್ದೂ ಅಲ್ಲೇ, ಕೇಪ್‌ಟೌನಿನಲ್ಲಿ. ಆದರೆ ತೆಗೆದವರು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್, ನಿರ್ದೇಶಕ ಪ್ರಕಾಶ್ ವರ್ಮ. ಕಲ್ಪನೆ ಜಾಹೀರಾತು ಕಂಪನಿ ಒಗಿಲ್ವಿಯ ರಾಜೀವ್ ರಾವ್ ಅವರದು. ದಿನಕ್ಕೊಂದು ಹೊಸದು ಬಿಡಬೇಕು ಅಂತ ಸುಮಾರು ಮೂವತ್ತು ಜಾಹೀರಾತನ್ನು ಒಂದೇ ಉಸಿರಿಗೆ ತೆಗೆದರು. ಹಚ್‌ನ (ವೊಡಾಫೋನಿನ ಮೊದಲಿನ ಹೆಸರು) ಪಗ್ ನಾಯಿಯನ್ನು ಮನೆಮನೆಗೆ ತಂದದ್ದೂ ಇದೇ ವರ್ಮ. 2025ರಲ್ಲಿ ಮೋಹನ್‌ಲಾಲ್ ಸಿನಿಮಾ ಒಂದರಲ್ಲಿ ಪೊಲೀಸ್ ಅಧಿಕಾರಿಯಾಗಿ ನಗುನಗುತ್ತಾ ಮೈ ನಡುಗಿಸಿದ್ದಾರೆ, ನೋಡಿದವರಿಗೆ ಗೊತ್ತು. ನಾಯಿ ಅಷ್ಟು ಮುದ್ದಾಗಿ ಬಂದದ್ದು ಇವರ ಕೈಯಲ್ಲಾ ಅನಿಸುತ್ತೆ.

ಇರಲಿ. ಅನಿಮೇಷನ್ ಅಂತ ಭ್ರಮೆ ಹುಟ್ಟಿಸೋದರಲ್ಲಿ ದೊಡ್ಡ ಪಾಲು ಕ್ಯಾಮೆರಾ ವೇಗದ್ದು. ಅವರು ಸೆಕೆಂಡಿಗೆ 20 ಫ್ರೇಮಿನಂತೆ, ಅಂದರೆ 20 ಬಿಡಿ ಚಿತ್ರದಂತೆ ತೆಗೆದರು. ನಮ್ಮ ಟಿವಿ ಓಡೋದು 25ಕ್ಕೆ. ಹತ್ತು ಸೆಕೆಂಡಿನ ನಟನೆ 200 ಫ್ರೇಮ್, ಅದು ತೆರೆಯ ಮೇಲೆ ಎಂಟೇ ಸೆಕೆಂಡಲ್ಲಿ ಮುಗಿಯುತ್ತೆ. ಅಂದರೆ ಒಂದೂಕಾಲು ಪಟ್ಟು ವೇಗ. ಇದಕ್ಕಿಂತ ಹೆಚ್ಚಿಸಿದರೆ ಮೂಕಿಚಿತ್ರದ ಓಡಾಟ ಆಗುತ್ತೆ, ಕಡಿಮೆಯಾದರೆ ಬಟ್ಟೆ ತೊಟ್ಟ ಮನುಷ್ಯ ಅಂತ ಗೊತ್ತಾಗಿಬಿಡುತ್ತೆ.

ಫೋನಿನಲ್ಲಿ ಸಾಮಾನ್ಯವಾಗಿ 20 ಸಿಗಲ್ಲ. 24ಕ್ಕೆ ಇಟ್ಟು ತೆಗೆದು, ಎಡಿಟಿಂಗಿನಲ್ಲಿ ಪ್ರಾಜೆಕ್ಟನ್ನು 30ಕ್ಕೆ ಇಟ್ಟು, ಸ್ಪೀಡ್ 1.25 ಮಾಡಿದರೆ ಅದೇ ಲೆಕ್ಕ ಬರುತ್ತೆ, ಒಂದು ಫ್ರೇಮೂ ವ್ಯರ್ಥ ಆಗಲ್ಲ. 30ಕ್ಕೇ ತೆಗೆದು 1.25 ಮಾಡಿದರೆ ಪ್ರತಿ ಐದರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತೆ, ನಡಿಗೆ ಒಂದೊಂದು ಕಡೆ ಎಡವಿದ ಹಾಗೆ ಕಾಣುತ್ತೆ. ಟ್ಯೂಬ್‌ಲೈಟ್ ಕೆಳಗೆ ತೆಗೆಯೋದಾದರೆ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು, 1/50 ಅಥವಾ 1/100 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ಶಟರ್ ಇಟ್ಟರೆ ಬಿಳಿ ಬಟ್ಟೆಯ ಮೇಲೆ ಪಟ್ಟೆಪಟ್ಟೆ ಓಡುತ್ತೆ. ಇದಕ್ಕಿಂತ ದೊಡ್ಡ ಕಾಟ ಫೋನು ತಾನೇ ಬೆಳಕು ಹೊಂದಿಸೋ ಆಟೋ ಎಕ್ಸ್‌ಪೋಷರ್. ಬಿಳಿ ಆಕೃತಿ ಫ್ರೇಮಿನೊಳಗೆ ಬಂದ ಕೂಡಲೇ ಫೋನು ಎಲ್ಲವನ್ನೂ ಕಪ್ಪು ಮಾಡುತ್ತೆ, ಆಚೆ ಹೋದ ಕೂಡಲೇ ಬೆಳಗಿಸುತ್ತೆ. ಝೂಝೂವನ್ನು ನಿಲ್ಲಿಸಿಯೇ ತೆರೆಯನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬಟ್ಟೆಯ ನೇಯ್ಗೆ ಮಾಸದಷ್ಟು ಬೆಳಕು ಇಳಿಸಬೇಕು. ಹಿಂದೆ ಬೂದು ಬಣ್ಣ. ಬಿಳಿ ಗೋಡೆ ಮುಂದೆ ನಿಲ್ಲಿಸಿದರೆ ಎರಡು ಕಣ್ಣು ಒಂದು ಬಾಯಿ ಮಾತ್ರ ಓಡಾಡುತ್ತೆ.

ಬಟ್ಟೆ: ನಾಲ್ಕೂ ಕಡೆ ಹಿಗ್ಗುವ ಬಿಳಿ ಲೈಕ್ರಾ, ದಪ್ಪದ್ದು. ತೆಳುವಾದದ್ದು ಅಗ್ಗ, ಆದರೆ ಮಂಡಿ ಹಿಂದೆ, ಮೊಣಕೈಯಲ್ಲಿ, ಸೊಂಟದಲ್ಲಿ ಸುಕ್ಕು ಬೀಳುತ್ತೆ. ಸುಕ್ಕು ಕಂಡ ಕ್ಷಣ ಅದು ಪ್ರಾಣಿಯಲ್ಲ, ಪ್ಯಾಂಟು. ನಾಲ್ಕೂವರೆ ಅಡಿ ಹುಡುಗಿಗೆ 58 ಇಂಚು ಅಗಲದ್ದು ಮೂರು ಮೀಟರ್ ಸಾಕು, ಎರಡು ಪದರ ಬರುತ್ತೆ. ಮಾಮೂಲಿ ನೇರ ಹೊಲಿಗೆ ಕೂತು ಎದ್ದರೆ ಪಟಪಟ ಕಿತ್ತುಬರುತ್ತೆ, ಜಿಗ್‌ಜಾಗ್ ಹೊಲಿಗೆಯೇ ಆಗಬೇಕು ಅಂತ ಟೈಲರ್‌ಗೆ ಮೊದಲೇ ಹೇಳಬೇಕು. ಹೊಟ್ಟೆಗೆ ಅರ್ಧ ಇಂಚಿನ ಸ್ಪಂಜ್ ಶೀಟ್ ಎರಡು ಸುತ್ತು, ತೊಡೆಗೆ ಒಂದು. ಕಾಲು ಕೆಳಗೆ ಹೋದಷ್ಟೂ ಸಣ್ಣ ಆಗಬೇಕು, ಅದಕ್ಕೇ ಕೇಪ್‌ಟೌನಿನಲ್ಲಿ ಬಟ್ಟೆಯೊಳಗೆ ಹೆಚ್ಚಾಗಿ ಇದ್ದವರು ತೆಳ್ಳಗಿನ, ಗಿಡ್ಡ ಹೆಂಗಸರು.

ತಲೆ ಅವರದು ಗಟ್ಟಿ ಪರ್ಸ್ಪೆಕ್ಸ್ ಪ್ಲಾಸ್ಟಿಕ್. ಮಕ್ಕಳಿಗೆ ದೊಡ್ಡ ಬಲೂನಿನ ಮೇಲೆ ಪೇಪರ್, ಮೈದಾ ಅಂಟು. ಅಡ್ಡಗಲ 14 ಇಂಚು, ನಾಲ್ಕು ಪದರ. ಎರಡು ಪದರ ಹಚ್ಚಿ ಒಂದು ದಿನ ನೆರಳಲ್ಲಿ ಬಿಟ್ಟು ಇನ್ನೆರಡು. ಅವಸರಕ್ಕೆ ಬಿಸಿಲಲ್ಲಿ ಇಟ್ಟರೆ ಬಲೂನ್ ಉಬ್ಬಿ ಒಡೆಯುತ್ತೆ, ತಲೆ ಜಜ್ಜಿದ ಬೋಗುಣಿ ಆಗುತ್ತೆ. ಒಳಗಡೆ ಹಳೇ ಟೋಪಿ ಅಂಟಿಸಿ ಸುತ್ತ ಸ್ಪಂಜು, ಇಲ್ಲದಿದ್ದರೆ ಮೈ ತಿರುಗಿದ ಮೇಲೆ ತಲೆ ತಿರುಗುತ್ತೆ. ಬಣ್ಣ ಮ್ಯಾಟ್, ಹೊಳಪಿಲ್ಲದ್ದು. ಉಸಿರಿಗೆ ಹಿಂಬದಿಯಲ್ಲಿ ದೊಡ್ಡ ತೂತು, ಹತ್ತು ನಿಮಿಷಕ್ಕೊಮ್ಮೆ ಕಳಚಲೇಬೇಕು. ಇದರಲ್ಲಿ ಮಾತ್ರ ರಾಜಿ ಇಲ್ಲ.

ಇನ್ನು ಮುಖ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕಣ್ಣು ಬಾಯಿ ಯಾವುದೂ ಅಲುಗಲ್ಲ. ನಗು ಒಂದು ರಬ್ಬರ್ ತುಂಡು, ಅಳು ಇನ್ನೊಂದು. ಶಾಟಿಗೆ ಮುಂಚೆ ಅಂಟಿಸೋದು, ಮುಗಿದ ಮೇಲೆ ಕೀಳೋದು. ಹಾಗಾಗಿ ಒಂದು ಶಾಟಿಗೆ ಒಂದೇ ಭಾವ. ನಗುತ್ತಿದ್ದವನು ಪೆಚ್ಚಾಗಬೇಕು ಅಂದರೆ ನಡುವೆ ಕಟ್ ಬೇಕೇಬೇಕು. ಉಳಿದದ್ದೆಲ್ಲ ಮೈಯಿಂದಲೇ ಆಗಬೇಕು. ದಸರಾ ಮೆರವಣಿಗೆಯ ಗಾರುಡಿ ಗೊಂಬೆಯ ಹಾಗೆ, ಬರೆದ ಮುಖ ಬರೆದಂತೇ ಇರುತ್ತೆ, ಭುಜ ಅಲ್ಲಾಡಿಸಿದರೆ ನಕ್ಕ ಹಾಗೆ, ಮುಂದೆ ಬಾಗಿದರೆ ಹೆದರಿಸಿದ ಹಾಗೆ. ಈಗಿನ ಜಾಹೀರಾತಿನಲ್ಲಿ ಮುಖದ ಕ್ಲೋಸಪ್ಪಿಗೆ ಅಷ್ಟು ದುಡ್ಡು ಸುರಿಯುತ್ತಾರೆ, ಭುಜಕ್ಕೆ ಕೆಲಸವೇ ಇಲ್ಲ.

ಮನೆಯಲ್ಲಿ ಮಾಡೋರು ಕಪ್ಪು ಫೋಮ್ ಶೀಟ್ ಕತ್ತರಿಸಿ ವೆಲ್ಕ್ರೋ ಹಾಕಬಹುದು. ತೆರೆದ ಬಾಯಿಗೆ ಸೊಳ್ಳೆಪರದೆಗೆ ಕಪ್ಪು ಬಳಿದು ಹಾಕಿದರೆ ಒಳಗಿನವರಿಗೆ ಅದೇ ಕಿಟಕಿ. ಮುಚ್ಚಿದ ಬಾಯಿ ಹಾಕಿದಾಗ ಏನೂ ಕಾಣಲ್ಲ, ಆ ಶಾಟಲ್ಲಿ ನಡೆಸಕೂಡದು.

ಮಾತು ಇಲ್ಲದ್ದರಿಂದ ಇನ್ನೊಂದು ಲಾಭ: ಡಬ್ಬಿಂಗ್ ತಲೆನೋವಿಲ್ಲ. ಹಿಂದಿ ಜಾಹೀರಾತಿಗೆ ಕನ್ನಡ ಬರೆಯೋರ ಪಾಡು ಕೇಳಬೇಕು. ತೆರೆಯ ಮೇಲೆ ತುಟಿ ಮುಚ್ಚಿದ ಜಾಗಕ್ಕೆ ಪ, ಬ, ಮ ಹುಡುಕಬೇಕು, ನಮ್ಮ ಮಾತು ಸ್ವರದಲ್ಲಿ ಮುಗಿಯೋದರಿಂದ ಅಲ್ಲಿ ಬಾಯಿ ಮುಚ್ಚಿದ ಮೇಲೂ ಇಲ್ಲಿ ದನಿ ಎಳೆಯುತ್ತಿರುತ್ತೆ. ಝೂಝೂ ಗೊಣಗಿದ್ದು ರಾಯಚೂರಿಗೂ ಮಂಗಳೂರಿಗೂ ಒಂದೇ. ಪುಟ್ಟಿ ಗ್ಯಾಂಗು ಗೊಣಗಾಟವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಶ್ರುತಿಯನ್ನು ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಏರಿಸಿದರೆ 1.25ರ ವೇಗಕ್ಕೆ ಒಪ್ಪುತ್ತೆ.

ರಾತ್ರಿ ಸ್ಕ್ರಿಪ್ಟ್ ಕಳಿಸಿದ್ದಾಳೆ. ನಲ್ಲಿ ಕೆಳಗೆ ಝೂಝೂ ಕುಣಿಯುತ್ತೆ, ನೀರು ನಿಂತುಹೋಗುತ್ತೆ, ಅಳುತ್ತೆ. ಕಟ್ ಎಲ್ಲಿ ಅಂತ ಹೇಳಬೇಕಾಗೇ ಇಲ್ಲ, ಕೊನೇ ಹನಿಯ ಕ್ಲೋಸಪ್ ಇಟ್ಟಿದ್ದಾಳೆ. ಅಷ್ಟರಲ್ಲಿ ಮುಖ ಬದಲಿಸಬಹುದು. ಆದರೆ ಆ ಹನಿಯನ್ನೂ 24ಕ್ಕೇ ತೆಗೆದು 1.25ರಲ್ಲೇ ಓಡಿಸಬೇಕು. ಎತ್ತರ ಕಡಿಮೆ ಇದ್ದಷ್ಟೂ ಬೀಳೋದಕ್ಕೆ ಹೊತ್ತು ಕಡಿಮೆ, ಆ ಹೊತ್ತಿಂದಲೇ ಕಣ್ಣು ಗಾತ್ರ ಅಳೆಯುತ್ತೆ. ಒಂದೂಕಾಲು ಪಟ್ಟು ವೇಗವಾಗಿ ಬಿದ್ದದ್ದು ಒಂದೂವರೆ ಪಟ್ಟಿಗೂ ಹೆಚ್ಚು ಚಿಕ್ಕ ಲೋಕದ್ದು ಅನಿಸುತ್ತೆ. ನಾಲ್ಕೂವರೆ ಅಡಿ ಪುಟ್ಟಿ ಮೂರಡಿಗೂ ಕಡಿಮೆ ಕಾಣೋದಕ್ಕೆ ಬಟ್ಟೆಯಷ್ಟೇ ಇದೂ ಕಾರಣ. ಹನಿಯೊಂದು ಮಾತ್ರ ಮಾಮೂಲಿ ವೇಗದಲ್ಲಿ ಬಿದ್ದರೆ ನಲ್ಲಿ ಮನುಷ್ಯರದು, ಝೂಝೂ ಬೇರೆ ಯಾವುದೋ ಲೋಕದ್ದು. ಬಕೆಟ್ಟೂ ದೊಡ್ಡದು ಬೇಕಾಗುತ್ತೆ, ಸೊಂಟದ ಮೇಲೆ ಬರೋ ಅಂಥದ್ದು, ನೀರು ತುಂಬೋ ನೀಲಿ ಡ್ರಮ್ಮೇ ಆಗಬಹುದೇನೋ, ಹಿಡಿಕೆ ಒಂದು ಕಟ್ಟಿದರೆ.