ಫೋನ್ ಹಿಡಿದ ಕೈ

ಕಳೆದ ವಾರ ಮಗಳು ಶಾಲೆಯಿಂದ ಕಾಗದದ ಕೋಳಿಯೊಂದನ್ನು ತಂದಳು. ಇಲ್ಲಿ ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ, ಉಪಕಾರ ನೆನೆಯುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಹಬ್ಬಕ್ಕೆ ಮುಂಚೆ ಚಿಕ್ಕ ತರಗತಿಯ ಮಕ್ಕಳು ಕಾಗದದ ಮೇಲೆ ಅಂಗೈ ಊರಿ, ಸುತ್ತ ಪೆನ್ಸಿಲ್ ಎಳೆದು ಟರ್ಕಿ ಕೋಳಿ ಮಾಡುತ್ತಾರೆ. ಹೆಬ್ಬೆರಳು ಅದರ ತಲೆ, ಉಳಿದ ನಾಲ್ಕು ಬೆರಳು ಗರಿ. ಯಾರ ಉಪಕಾರ ನೆನೆಯಬೇಕು ಅನ್ನಿಸುತ್ತದೆಯೋ ಅವರ ಹೆಸರನ್ನು ಒಂದೊಂದು ಗರಿಯ ಮೇಲೆ ಬರೆಯಬೇಕು. ನನ್ನ ಎಂಟು ವರ್ಷದ ಮಗಳು ಮೊದಲ ಗರಿಗೆ ಅಮ್ಮನನ್ನೂ ಎರಡನೆಯದಕ್ಕೆ ನನ್ನನ್ನೂ ಮೂರನೆಯದಕ್ಕೆ ಶಾಲಾ ಬಸ್ ಓಡಿಸುವ ಹೆಂಗಸನ್ನೂ ಬರೆದಿದ್ದಳು. ಕಿರುಬೆರಳಿನ ಇಕ್ಕಟ್ಟಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಒತ್ತೊತ್ತಾಗಿ ‘ದೊಡ್ಡಮ್ಮ’ ಎಂದಿತ್ತು.

ದೊಡ್ಡಮ್ಮ ಎಂದರೆ ಮಂಡ್ಯದ ಪಕ್ಕದ ನಮ್ಮ ಊರಿನಲ್ಲಿರುವ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಮಗಳು ಅವರ ಜೊತೆ ಇದ್ದದ್ದು ಎರಡು ರಜೆಗಳಲ್ಲಿ, ಎಲ್ಲ ಸೇರಿಸಿದರೆ ಏಳು ವಾರ. ‘ದೊಡ್ಡಮ್ಮನ ಹೆಸರು ಯಾಕೆ ಬರೆದೆ ಪುಟ್ಟಿ?’ ಎಂದು ಕೇಳಿದೆ. ‘ತಾತನಿಗೆ ಊಟ ಮಾಡಿಸುತ್ತಿದ್ದರಲ್ಲ. ಅವರು ಅಲ್ಲಿದ್ದರು, ಅದಕ್ಕೇ ನೀನು ನನ್ನ ಜೊತೆ ಇಲ್ಲಿದ್ದೆ’ ಎಂದಳು. ಶೂ ಬಿಚ್ಚುತ್ತಾ ಇನ್ನೊಂದು ಮಾತು ಸೇರಿಸಿದಳು: ‘ನೀನು ಅವರ ಹತ್ತಿರ ಮಾತನಾಡಿದ್ದನ್ನು ಮಾತ್ರ ನಾನು ಒಂದು ದಿನವೂ ನೋಡಿಲ್ಲ.’

ಅವಳು ಹೇಳಿದ್ದು ನಿಜ.

ಅಪ್ಪನಿಗೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದರು. ಇಲ್ಲಿ ಚಳಿಗಾಲದ ರಾತ್ರಿ ಎಂಟು ಗಂಟೆ ಎಂದರೆ ಊರಿನಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಅದು ಅಪ್ಪನ ಬೆಳಗಿನ ಊಟದ ಹೊತ್ತು. ದಿನವೂ ವಿಡಿಯೋ ಕರೆ ಮಾಡುತ್ತಿದ್ದೆ. ಪರದೆಯ ತುಂಬ ಅಪ್ಪನ ಮುಖ. ಅಂಚಿನಲ್ಲಿ ಆಗಾಗ ಒಂದು ಕೈ ಬಂದು ಹೋಗುತ್ತಿತ್ತು. ಹಸಿರು ಗಾಜಿನ ಬಳೆ, ಬೆರಳ ತುದಿಯಲ್ಲಿ ರಾಗಿ. ಆ ಕೈ ತುತ್ತು ಕೊಡುತ್ತಿತ್ತು, ಬಾಯಿಯ ಎಡಮೂಲೆಯಲ್ಲಿ ಸೋರಿದ್ದನ್ನು ಸೆರಗಿನಿಂದ ಒರೆಸುತ್ತಿತ್ತು. ಇನ್ನೊಂದು ಕೈ ಫೋನ್ ಹಿಡಿದಿರುತ್ತಿತ್ತು, ಅದು ಕಾಣುತ್ತಲೇ ಇರಲಿಲ್ಲ. ‘ಊಟ ಆಯಿತಾ ಅಪ್ಪ? ನಿದ್ದೆ ಬಂತಾ ಅಪ್ಪ?’ ಎಂದು ನಾನು ಕೇಳುತ್ತಿದ್ದೆ. ಮಾತು ಕಳೆದುಕೊಂಡಿದ್ದ ಅಪ್ಪನ ಪರವಾಗಿ ಪರದೆಯ ಆಚೆಯಿಂದ ಉತ್ತರ ಬರುತ್ತಿತ್ತು. ‘ಇವತ್ತು ಎರಡು ತುತ್ತು ಹೆಚ್ಚಿಗೆ ತಿಂದರು.’ ಸರಿ ಅತ್ತಿಗೆ ಎನ್ನುತ್ತಿದ್ದೆ, ಅಷ್ಟೇ.

ಆ ತುತ್ತಿನ ಬಗ್ಗೆ ಹೇಳಬೇಕು. ಅಪ್ಪ ಗಂಜಿ ಮುಟ್ಟುತ್ತಿರಲಿಲ್ಲ. ನೀರಾದ ಪದಾರ್ಥ ನೆತ್ತಿಗೆ ಹತ್ತುತ್ತಿತ್ತು. ಹುಟ್ಟಿದಂದಿನಿಂದ ಮುದ್ದೆ ನುಂಗಿದ ಗಂಟಲು ಅದು. ಅತ್ತಿಗೆ ರಾಗಿ ಹಿಟ್ಟನ್ನು ಎರಡು ಸಲ ಸೋಸಿ, ಗಂಟಿಲ್ಲದಂತೆ ತೊಳಸಿ, ಮೆತ್ತಗೆ ಮುದ್ದೆ ಕಟ್ಟಿ, ಅದರಿಂದ ಕಡಲೆಕಾಳಿನಷ್ಟು ಚಿಕ್ಕ ಉಂಡೆ ಚಿವುಟಿ ಬಸ್ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ಸ್ವಾಧೀನವಿರುವ ಬಲಗೆನ್ನೆಯ ಕಡೆಗೇ ತುತ್ತಿಡಬೇಕು, ಅದು ಇಳಿದ ಮೇಲೆಯೇ ಮುಂದಿನದು, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು ಎಂದು ವೈದ್ಯರು ಹೇಳಿದ್ದರು. ಒಂದೊಂದು ತುತ್ತಿಗೂ ಅತ್ತಿಗೆ ಅಪ್ಪನ ಗಂಟಲಮಣಿ ಮೇಲೇರಿ ಇಳಿಯುವುದನ್ನು ನೋಡುತ್ತಾ ಕಾಯುತ್ತಿದ್ದರು. ಅರ್ಧ ಮುದ್ದೆ ಮುಗಿಯಲು ಮುಕ್ಕಾಲು ಗಂಟೆ. ನನ್ನ ಕರೆ ಹತ್ತು ನಿಮಿಷದ್ದು.

ಅಪ್ಪ ತೀರಿಕೊಂಡಾಗ ಊರಿಗೆ ಹೋಗಿದ್ದೆ. ತಿಥಿಯ ದಿನ ಬಂದವರೆಲ್ಲ ಅಣ್ಣನ ಬೆನ್ನು ತಟ್ಟಿದರು, ‘ತಂದೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ.’ ನನಗೂ ಪಾಲು ಸಿಕ್ಕಿತು, ‘ಅಷ್ಟು ದೂರ ಇದ್ದರೂ ಅಪ್ಪನ ಕೈ ಬಿಡಲಿಲ್ಲ.’ ನಾನು ಅದನ್ನು ತಲೆಯಾಡಿಸಿ ಒಪ್ಪಿಕೊಂಡೆ. ಅತ್ತಿಗೆ ಆಗ ಹಿತ್ತಲಿನಲ್ಲಿ ಬಂದವರಿಗೆ ಬಡಿಸಲು ಎಲೆ ಒರೆಸುತ್ತಿದ್ದರು. ಆ ತಲೆಯಾಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈ ದೇಶಕ್ಕೆ ಬಂದ ಹೊಸತರಲ್ಲಿ ಈ ಹಬ್ಬ ನನಗೆ ವಿಚಿತ್ರ ಎನ್ನಿಸುತ್ತಿತ್ತು. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಇದನ್ನು ರಾಷ್ಟ್ರೀಯ ಆಚರಣೆಯಾಗಿ ಘೋಷಿಸಿದರು. ನಾಲ್ಕನೆಯ ಗುರುವಾರ ಎಂದು 1941ರಲ್ಲಿ ಕಾನೂನೇ ಆಯಿತು. ಉಪಕಾರ ನೆನೆಯುವುದಕ್ಕೂ ಕಾನೂನು ಬೇಕೇ, ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದು ಸಹೋದ್ಯೋಗಿಗಳ ಮುಂದೆ ಹೆಮ್ಮೆಯಿಂದ ವಾದಿಸಿದ್ದೇನೆ. ಆ ವಾದ ಯಾರಿಗೆ ಅನುಕೂಲ ಎಂದು ಈಗ ಯೋಚಿಸುತ್ತೇನೆ. ‘ನಮ್ಮವರಿಗೆ ಹೇಳುವ ಅಗತ್ಯವಿಲ್ಲ’ ಎಂದು ಹೇಳುವವನು ಯಾವಾಗಲೂ ಉಂಡು ಕೈ ತೊಳೆದವನೇ. ಬಡಿಸಿದವರ ಬಾಯಿಂದ ಆ ಮಾತನ್ನು ನಾನು ಕೇಳಿಲ್ಲ.

ಹಾಗೆಂದು ನಮ್ಮ ಮಂಡ್ಯದವರಿಗೆ ಉಪಕಾರಸ್ಮರಣೆ ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಮ್ಮಷ್ಟು ನೆನೆಯುವವರು ಕಡಿಮೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದನ್ನು ನಮ್ಮ ಊರಿನ ಹಿರಿಯರು ಸ್ವಂತ ಮನೆಯ ಗೃಹಪ್ರವೇಶದಂತೆ ಹೇಳುತ್ತಿದ್ದರು. ಹುಲಿಕೆರೆ ಸುರಂಗ ದಾಟಿ ನಮ್ಮ ಗದ್ದೆಗೆ ನೀರು ತಂದ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿತ್ತು, ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ನಮ್ಮ ನಡುಮನೆಯಲ್ಲಿ ನಾಲ್ವಡಿಯವರ ಪಟವೂ ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಪಟವೂ ಇವೆ. ಸಂಕ್ರಾಂತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತೇವೆ. ಆಯುಧಪೂಜೆಗೆ ನೇಗಿಲಿಗೂ ಟ್ರ್ಯಾಕ್ಟರಿಗೂ ಹಾರ. ಪಿತೃಪಕ್ಷದಲ್ಲಿ ಸತ್ತವರಿಗೆ ಯಾವ ಪಲ್ಯ ಇಷ್ಟವಿತ್ತೆಂದು ನೆನಪು ಮಾಡಿಕೊಂಡು ಎಡೆ ಇಡುತ್ತೇವೆ. ಈ ವರ್ಷ ಅಪ್ಪನ ಎಡೆಗೆ ಬಸ್ಸಾರು ಮುದ್ದೆ ಇಟ್ಟೆವೆಂದು ಅಣ್ಣ ಫೋಟೋ ಕಳಿಸಿದ್ದ. ಆ ಎಡೆಯ ಅಡುಗೆಯನ್ನೂ ಮಾಡಿದವರು ಅತ್ತಿಗೆಯೇ. ಅವರಿಗೆ ಏನು ಇಷ್ಟ? ಯೋಚಿಸಿದೆ. ಅವರು ಮನೆಗೆ ಬಂದಾಗ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಇಷ್ಟು ವರ್ಷವಾಯಿತು, ನನಗೆ ಗೊತ್ತಿಲ್ಲ.

ಶನಿವಾರ ರಾತ್ರಿ ಕರೆ ಮಾಡಿದೆ. ‘ಅಣ್ಣ ಗದ್ದೆಗೆ ಹೋಗಿದ್ದಾರೆ, ಆಮೇಲೆ ಮಾಡು’ ಎಂದರು.

‘ನಿಮ್ಮ ಹತ್ತಿರ ಮಾತನಾಡಬೇಕಿತ್ತು ಅತ್ತಿಗೆ.’

‘ಯಾಕೆ, ಏನಾಯಿತು? ಹುಷಾರಾಗಿದ್ದೀಯಾ?’

ಧನ್ಯವಾದ ಎಂಬ ಪದ ನಾಲಿಗೆಯವರೆಗೆ ಬಂದು ನಿಂತಿತು. ಅದು ಶಾಲಾ ವಾರ್ಷಿಕೋತ್ಸವದಲ್ಲಿ ಜನ ಎದ್ದು ಹೊರಡುವ ಹೊತ್ತಿಗೆ ಹೇಳುವ ಮಾತು. ಕೊನೆಗೆ ನನಗೆ ಬಂದ ಮಾತಿನಲ್ಲೇ ಹೇಳಿದೆ. ‘ಅಪ್ಪನಿಗೆ ಮೂರು ವರ್ಷ ನೀವು ತುತ್ತು ಕೊಟ್ಟಿರಿ. ನಾನು ಕೊಡಬೇಕಾದದ್ದು ಅದು. ಒಂದು ದಿನವೂ ನಿಮ್ಮನ್ನು ಉಂಡಿರಾ ಎಂದು ಕೇಳಲಿಲ್ಲ. ತಪ್ಪಾಯಿತು ಅತ್ತಿಗೆ.’

ಆ ಕಡೆ ಸದ್ದಿಲ್ಲ. ಕುಕ್ಕರ್ ಕೂಗಿತು. ‘ಅದಕ್ಕೇನಪ್ಪ ಈಗ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, ‘ಒಂಬತ್ತೂವರೆ ಆಗುತ್ತಿತ್ತು ನಾನು ಉಣ್ಣುವಾಗ’ ಎಂದರು.

ಪರದೆಯಲ್ಲಿ ಅಡುಗೆಮನೆಯ ಸೂರು ಕಾಣುತ್ತಿತ್ತು. ಫೋನ್ ನಿಮ್ಮ ಕಡೆ ತಿರುಗಿಸಿ ಎಂದೆ. ‘ತಲೆ ಬಾಚಿಲ್ಲ’ ಎನ್ನುತ್ತಲೇ ತಿರುಗಿಸಿದರು. ಬೈತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿದೆ. ಅಷ್ಟರಲ್ಲಿ ಮಗಳು ಓಡಿ ಬಂದು ಕಾಗದದ ಕೋಳಿಯನ್ನು ಪರದೆಗೆ ಹಿಡಿದಳು. ಅತ್ತಿಗೆ ಕಣ್ಣು ಕಿರಿದು ಮಾಡಿ ಕಿರುಬೆರಳಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಎರಡನೆಯ ಸಲ ಜೋರಾಗಿ ಓದಿದರು. ಸೆರಗನ್ನು ಮುಖಕ್ಕೆ ಒಯ್ದು, ತೆಗೆದು, ಕೇಳಿದರು:

‘ಇದು ಯಾವ ಹಕ್ಕಿ ಕಂದ? ಬರುವಾಗ ಮಡಿಸದೆ ತೆಗೆದುಕೊಂಡು ಬಾ. ತಾತನ ಫೋಟೋ ಪಕ್ಕದಲ್ಲಿ ಜಾಗ ಇದೆ.’